ತಾಮ್ರದ ಮೇಲಿನ ಗೆರೆ


*ಇಂದಿನ ಚಿಂತನೆ*

ಬ್ರಿಟನ್ನಿನ ಚಿತ್ರಮುದ್ರಕ ವಿಲಿಯಂ ಡೇನಿಯಲ್ 1814ರಿಂದ 1825ರವರೆಗೆ ತನ್ನ ನಾಡಿನ ಕಡಲತೀರದ 308 ವರ್ಣಚಿತ್ರಗಳನ್ನು ಅಚ್ಚು ಹಾಕಿದ. ಬಂದರು, ದೋಣಿ, ದುಡಿಯುವ ಜನ ಅವುಗಳಲ್ಲಿದ್ದಾರೆ. ಈ ಕಲೆಯಲ್ಲಿ ತಾಮ್ರದ ತಗಡನ್ನು ಆಸಿಡ್‌ನಲ್ಲಿ ಇಡುತ್ತಾರೆ. ಹೆಚ್ಚು ಹೊತ್ತು ಇಟ್ಟಷ್ಟೂ ಕೊರೆತ ಆಳ, ಮಸಿ ಗಾಢ. ಸಾಕೆನಿಸಿದ ಕಡೆ ವಾರ್ನಿಷ್ ಬಳಿದರೆ ಕೊರೆತ ನಿಲ್ಲುತ್ತದೆ. ಗೆರೆ ಮಾತ್ರ ಅಳಿಯುವುದಿಲ್ಲ.

ಕೆಲವರ ಕೋಪ ಕಲ್ಲಿನ ಗೆರೆ, ಕೆಲವರದು ಮಣ್ಣಿನ ಗೆರೆ, ಕೆಲವರದು ನೀರಿನ ಗೆರೆ ಎಂದು ಬುದ್ಧರು ಹೇಳಿದ್ದಾರೆ. ಹಾಗಾದರೆ ಹೋಟೆಲಿನಲ್ಲಿ ಬೇರೆ ಲೋಟ ಕಂಡವರಿಗೆ ‘ಮರೆತುಬಿಡಿ’ ಅನ್ನುವುದು ಧಮ್ಮವೇ? ನನಗೆ ಹಾಗನ್ನಿಸುವುದಿಲ್ಲ. ನಾವು ಮರೆತರೆ ಆ ಲೋಟ ಅಲ್ಲೇ ಉಳಿಯುತ್ತದೆ.

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು ಅವಮಾನವನ್ನು ಮರೆತಲ್ಲ. ತಮ್ಮವರ ಮೇಲೆ ಹಲ್ಲೆಯಾದಾಗ ತಿರುಗಿ ಹೊಡೆಯಬೇಡಿ ಎಂದು ತಡೆದವರೂ ಅವರೇ. ನೆನಪಿನ ಗೆರೆ ಉಳಿಯಿತು, ದ್ವೇಷದ ಕೊರೆತ ನಿಂತಿತು. ಹೋರಾಟ ನಿಲ್ಲಲಿಲ್ಲ.

ನಮ್ಮ ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧರ ಆಕಾರವೂ ಕಲ್ಲಿನ ಗೆರೆಯೇ. ಅದರಲ್ಲಿ ಕೋಪ ಕಾಣುವುದಿಲ್ಲ.

ನೋವಾದದ್ದನ್ನು ನೆನಪಿಡೋಣ. ಮನಸ್ಸನ್ನು ಆಸಿಡ್‌ನಲ್ಲಿ ಬಿಡುವುದು ಬೇಡ.

ಸರ್ವರಿಗೂ ಮಂಗಳವಾಗಲಿ 🌼