ಸೂತಕ ಯಾರಿಗೆ?

ನಮ್ಮಜ್ಜಿ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಮಕ್ಕಳಿಗೆ ಬೇಸಿಗೆ ರಜೆ ಬಂತು. ಬೆಟ್ಟದಪುರದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದೆವು. ಗುರುತಿನ ಮೇಷ್ಟ್ರೊಬ್ಬರು ಕೇಳಿದರು: ‘ಅಲ್ಲಾ, ಸೂತಕದ ಮನೆಯವರು ನೀವು. ಮಕ್ಕಳು ಮರೀನ ಕಟ್ಕೊಂಡು ನೆಂಟರ ಮನೆ ಸುತ್ತಕ್ಕೆ ಹೊರಟಿದ್ದೀರಲ್ಲ, ಇದು ಸರಿಯಾ?’

ಅವರು ಕೆಟ್ಟವರಲ್ಲ. ಕೇಳಿದ ಪ್ರಶ್ನೆಯೂ ಕೆಟ್ಟದ್ದಲ್ಲ. ಸತ್ತವರಿಗೆ ಬದುಕಿದವರು ಏನನ್ನು ಸಲ್ಲಿಸಬೇಕು? ಮೂಲೆ ಹಿಡಿದು ಕೂರುವುದನ್ನೋ, ಎದ್ದು ಜನರ ಬಳಿಗೆ ಹೋಗುವುದನ್ನೋ?

ಸೂತಕ ಅಂದರೇನು ಎಂಬುದನ್ನೇ ಮೊದಲು ಕೇಳೋಣ. ಸಾವಾದ ಮನೆಯವರು ಇಂತಿಷ್ಟು ದಿನ ಮೈಲಿಗೆ. ಅವರನ್ನು ಮುಟ್ಟಬಾರದು, ಅವರು ಗುಡಿಯ ಹೊಸಲು ತುಳಿಯಬಾರದು. ದಿನ ಕಳೆದು ತಲೆಗೆ ನೀರು ಹಾಕಿಕೊಂಡರೆ ಎಲ್ಲ ಸರಿಹೋಯಿತು. ಅಸ್ಪೃಶ್ಯರು ಯಾರು ಎಂದು ಶೋಧಿಸಿ 1948ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಬಾಬಾಸಾಹೇಬರು ಈ ಮಾತಿನಿಂದಲೇ ಶುರುಮಾಡುತ್ತಾರೆ. ಹುಟ್ಟು, ಸಾವು, ಮುಟ್ಟುಗಳ ಮೈಲಿಗೆ ಲೋಕದ ಎಷ್ಟೋ ಪುರಾತನ ಸಮಾಜಗಳಲ್ಲಿ ಇತ್ತು. ಅದು ಬಂದು ಹೋಗುವ ಮೈಲಿಗೆ. ತೊಳೆದರೂ ಹೋಗದ, ತಂದೆಯಿಂದ ಮಗನಿಗೆ ಇಳಿಯುವ ಮೈಲಿಗೆ ಮಾತ್ರ ನಮ್ಮ ದೇಶದ್ದು. ದೊಡ್ಡ ಮನೆಯವರಿಗೆ ಹತ್ತು ದಿನ ಇದ್ದದ್ದು ನಮ್ಮಜ್ಜಿಗೆ ಬದುಕಿರುವ ತನಕ ಇತ್ತು. ಎಷ್ಟು ವರ್ಷ ಅಂತ ಲೆಕ್ಕ ಹೇಳಲಾರೆವು. ಆಧಾರ್ ಕಾರ್ಡಿನ ಪ್ರಕಾರ ಅವಳು ಹುಟ್ಟಿದ್ದು ಜನವರಿ 1. ನಮ್ಮ ಕೇರಿಯ ಮುದುಕರು ಮುಕ್ಕಾಲು ಪಾಲು ಹುಟ್ಟಿದ್ದು ಅವತ್ತೇ.

ಇನ್ನೊಂದು ಮಾತು. ಸೂತಕ ಹಿಡಿಯುವುದಕ್ಕೂ ಪುರುಸೊತ್ತು ಬೇಕು. ದೊಡ್ಡ ಮನೆಯವರು ಹತ್ತು ದಿನ ಕೈಕಟ್ಟಿ ಕೂತರೆ ಅವರ ದನಕ್ಕೆ ಹುಲ್ಲು ಹಾಕಿದವರು ಯಾರು? ಗುಂಡಿ ತೋಡಿದವರು, ಸೌದೆ ಒಡೆದವರು, ಹೆಣದ ಮುಂದೆ ತಮಟೆ ಬಡಿದವರು ಯಾರು? ನಮ್ಮ ತಾತ ಕುಳವಾಡಿ. ಊರಲ್ಲಿ ಸಾವಾದರೆ ಸುದ್ದಿ ಮುಟ್ಟಿಸುವ ಬಿಟ್ಟಿ ಚಾಕರಿ ಅವನದು. ರಾತ್ರೋರಾತ್ರಿ ಹುಣಸೂರು ಕಡೆಗೆ, ಕೆ.ಆರ್. ನಗರದ ಕಡೆಗೆ, ಹೆಗ್ಗಡದೇವನಕೋಟೆಯ ಕಡೆಗೆ ಕಾಲ್ನಡಿಗೆ. ಅಂಗಳದ ಆಚೆ ನಿಂತು ಕೂಗಿ ಹೇಳಬೇಕು. ಒಂದಿಷ್ಟು ರಾಗಿ ಟವಲಿಗೆ ಬೀಳುತ್ತಿತ್ತು.

ಅದೇ ತಾತನ ಮಗು ಸತ್ತಾಗ ಬೆಳಿಗ್ಗೆ ಮಣ್ಣು ಮಾಡಿದರು. ಮಧ್ಯಾಹ್ನಕ್ಕೆ ಅಜ್ಜಿ ಹೊಗೆಸೊಪ್ಪು ಕಟ್ಟಲು ಬ್ಯಾರನ್ ಹತ್ತಿರ ಕೂತಿದ್ದಳು. ಅಳಲಿಲ್ಲವೇ ಅಂತ ಒಮ್ಮೆ ಕೇಳಿದ್ದೆವು. ‘ಅತ್ತೆ ಕನಪ್ಪ. ಕಣ್ಣ ಒರೆಸ್ಕಳಕ್ಕೆ ಆಗ್ನಿಲ್ಲ. ಸೊಪ್ಪಿನ ಜಿಗುಟು ಕೈ, ಉರೀತದೆ’ ಅಂದಳು. ನಮ್ಮವರಿಗೆ ಕಣ್ಣೀರು ಇತ್ತು. ಅದನ್ನು ಒರೆಸಿಕೊಳ್ಳುವ ಹೊತ್ತು ಇರಲಿಲ್ಲ.

ಕಾನೂನುಗಳು ಬರಲಿಲ್ಲವೇ? ಬಂದವು. 1961ರ ಕಾಯಿದೆ ವಂಶಪಾರಂಪರ್ಯ ಗ್ರಾಮ ಚಾಕರಿಗಳನ್ನು ತೆಗೆದುಹಾಕಿತು. ಇದೇ ಸೀಮೆಯ ಕಲ್ಲಹಳ್ಳಿಯ ದೇವರಾಜ ಅರಸು 1974ರಲ್ಲಿ ಉಳುವವನೇ ಒಡೆಯ ಎಂಬ ಕಾಯಿದೆ ಜಾರಿಗೆ ತಂದರು. 1976ರಲ್ಲಿ ಜೀತ ರದ್ದಾಯಿತು. ಇವು ಸಣ್ಣ ಕೆಲಸಗಳಲ್ಲ. ಆದರೆ ಗೇಣಿದಾರನಿಗೆ ಭೂಮಿ ಸಿಕ್ಕಿತು. ಗೇಣಿಯೂ ಇಲ್ಲದೆ ಬರಿಗೈಯಲ್ಲಿ ದುಡಿದ ಅಜ್ಜಿಯಂಥವರು ಎಲ್ಲಿದ್ದರೋ ಅಲ್ಲೇ ಉಳಿದರು. ಕೂಲಿ ಉಳಿಯಿತು.

ಅಜ್ಜಿ ಸತ್ತ ಸುದ್ದಿ ಯಾರೂ ನಡೆದು ಮುಟ್ಟಿಸಬೇಕಾಗಲಿಲ್ಲ. ಫೋನಿನಲ್ಲಿ ಗಳಿಗೆಯಲ್ಲಿ ಮುಟ್ಟಿತು. ಆದರೆ ಸುದ್ದಿ ಮುಟ್ಟಿದವರೆಲ್ಲ ಬರಲಾಗಲಿಲ್ಲ. ಕೋಟೆ ಕಡೆಯ ಚಿಕ್ಕವ್ವ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗೆ ಹೋಗಿದ್ದಳು. ನೌಕರಿಯವರಾದರೆ ರಜೆ ಚೀಟಿ ಬರೆದುಕೊಡುತ್ತಾರೆ. ಕೂಲಿಯವರು ಯಾರಿಗೆ ಬರೆಯೋದು? ಬರಲಾಗದವರ ಮನೆಗೆ ನಾವೇ ಹೊರಟೆವು. ತಾತ ನಡೆದ ದಾರಿಯೇ. ಅವನು ಬೇರೆಯವರ ಸಾವನ್ನು ಹೊತ್ತು ನಡೆದ. ನಾವು ನಮ್ಮದನ್ನು ಹೊತ್ತು, ಟಿಕೇಟು ತೆಗೆಸಿ, ಸೀಟಿನಲ್ಲಿ ಕೂತು ಹೋದೆವು.

ಚಿಕ್ಕವ್ವ ಬಾಗಿಲಲ್ಲೇ ತಬ್ಬಿಕೊಂಡಳು. ‘ಮಕ ನೋಡಕ್ಕೂ ಬರಕ್ಕಾಗ್ನಿಲ್ಲ ಕನ್ರಪ್ಪ’ ಅಂತ ಎದೆ ಬಡಿದುಕೊಂಡಳು. ಅತ್ತು ಮುಗಿದ ಮೇಲೆ ಮುದ್ದೆ ತಿರುವಿದಳು, ಕೋಳಿ ಕುಯ್ದಳು. ಕೆ.ಆರ್. ನಗರದ ಕಡೆ ಮಕ್ಕಳು ನಾಲೆಯಲ್ಲಿ ಬಿದ್ದು ಒದ್ದಾಡಿದವು. ರಾತ್ರಿ ಸೋದರತ್ತೆ ಕತೆ ಹೇಳಿದಳು: ಅಜ್ಜಿ ಹರೆಯದಲ್ಲಿ ಕಾಸು ಕೂಡಿಸಿ ಚುಂಚನಕಟ್ಟೆ ಜಾತ್ರೆಯಲ್ಲಿ ಗಾಜಿನ ಬಳೆ ತೊಡಿಸಿಕೊಂಡದ್ದು, ಅತ್ತೆಮ್ಮನ ಹೆದರಿಕೆಗೆ ವಾರವೆಲ್ಲ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಕಳೆ ಕಿತ್ತದ್ದು. ನಾವು ಬಿದ್ದುಬಿದ್ದು ನಕ್ಕೆವು. ನಕ್ಕಿದ್ದಕ್ಕೆ ಒಂದು ಗಳಿಗೆ ನಾಚಿಕೆಯೂ ಆಯಿತು. ಆದರೆ ಯೋಚಿಸಿ ನೋಡಿ: ಆ ಬಳೆಯ ಹುಡುಗಿ ನಮಗೆ ಗೊತ್ತೇ ಇರಲಿಲ್ಲ. ಮನೆಯಲ್ಲೇ ಕೂತಿದ್ದರೆ ಮಕ್ಕಳ ಪಾಲಿಗೆ ಅಜ್ಜಿ ಅಂದರೆ ಮೂಲೆಯ ಚಾಪೆಯ ಮೇಲಿನ ಕೆಮ್ಮು ಅಷ್ಟೇ ಆಗಿ ಉಳಿಯುತ್ತಿದ್ದಳು.

ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ ಸಾವಿಲ್ಲದ ಮನೆಯ ಸಾಸಿವೆ ತಾ ಅಂದ. ಈ ಕತೆಯನ್ನು ಸಾವು ಎಲ್ಲರಿಗೂ ಬರುತ್ತದೆ ಎಂಬ ನೀತಿಗಾಗಿ ಹೇಳುತ್ತಾರೆ. ನಾವು ಇನ್ನೊಂದನ್ನು ನೋಡಬೇಕು. ಬುದ್ಧ ಅವಳನ್ನು ಮೈಲಿಗೆ, ದೂರ ನಿಲ್ಲು ಅನ್ನಲಿಲ್ಲ. ಮನೆ ಮನೆಗೆ ಹೋಗು ಅಂದ. ಒಂದೊಂದು ಬಾಗಿಲಲ್ಲೂ ಯಾರದೋ ದುಃಖ ಅವಳ ದುಃಖದ ಜೊತೆ ಮಾತಾಡಿತು. ಪುರೋಹಿತಶಾಹಿ ಸಾವಿನ ಮನೆಯನ್ನು ಜನರಿಂದ ಬಿಡಿಸುತ್ತದೆ. ಬುದ್ಧ ಕೂಡಿಸಿದ.

ನಮ್ಮ ಕೇರಿಯೇನು ಇದರಿಂದ ಹೊರತಲ್ಲ. ತಿಥಿಗೆ ಸಾಲ ಮಾಡಿ ನೂರು ಎಲೆ ಹಾಕಿದ್ದೇವೆ. ಊರಿನವರು ನಮ್ಮನ್ನು ಮೈಲಿಗೆ ಅಂದಾಗ ಸಿಟ್ಟಾಗುವ ನಾವೇ ನಮ್ಮ ಮನೆಯ ವಿಧವೆಯನ್ನು ಮದುವೆ ಚಪ್ಪರದಿಂದ ದೂರ ಕೂರಿಸುತ್ತೇವೆ. ಮೊದಲು ಇದನ್ನು ಬಿಡಬೇಕು.

ಒಂದು ವಾರ ಕಳೆದು ವಾಪಸ್ಸಾದೆವು. ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹೊಯ್ಯುವ ಕೂಲಿ ಕಾಯುತ್ತಿತ್ತು. ಮೇಷ್ಟ್ರಿಗೆ ನಮ್ಮ ಉತ್ತರ ಇಷ್ಟೇ: ಅಜ್ಜಿಗೆ ತನ್ನ ಮಗುವಿಗಾಗಿ ಒಂದು ಮಧ್ಯಾಹ್ನ ಸಿಗಲಿಲ್ಲ. ಅವಳಿಗಾಗಿ ನಾವು ಒಂದು ವಾರ ತೆಗೆದುಕೊಂಡೆವು. ಕೂಲಿ ಕಳೆದುಕೊಂಡು ತೆಗೆದುಕೊಂಡೆವು. ಕೂಲಿ ಕಳೆದುಕೊಳ್ಳದೆ ಅಳುವ ದಿನ ನಮ್ಮ ಜನಕ್ಕೆ ಬರುವ ತನಕ, ಭೂಮಿಗೆ, ಕೂಲಿಗೆ ಕೇಳುವ ಹಾಗೆಯೇ ಇದನ್ನೂ ಕೇಳುತ್ತಲೇ ಇರಬೇಕು.