ಮೊದಲ ಏಟು, ಉಳಿದ ನಾಲ್ಕು ಏಟು





ಕಳೆದ ಭಾನುವಾರ ಪಂಚಶೀಲದ ಮೊದಲ ಶೀಲವನ್ನು ಓದುತ್ತಿದ್ದಾಗ ನಮ್ಮ ಬಳಗದ ಒಬ್ಬ ತಂಗಿ ಕೇಳಿದಳು: "ಅಕ್ಕಾ, ಬಾಡಿಗೆ ಮನೆ ತುಂಬಾ ಜಿರಳೆ. ಔಷಧಿ ಹೊಡೆದರೆ ಶೀಲ ಮುರಿಯುತ್ತಾ?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ವಾರ ನಮ್ಮನೆಯಲ್ಲಿ ನಡೆದದ್ದನ್ನು ಅಲ್ಲಿ ಹೇಳಲು ನಾಚಿಕೆಯಾಯಿತು, ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರಣ್ಯಪುರದಲ್ಲಿ ನಮ್ಮದು ಕೆಳಮನೆ. ಮೇಲೆ ಓನರ್ ಇದ್ದಾರೆ. ಬಚ್ಚಲಿನ ಮೋರಿಯ ಜಾಲರಿ ಮುರಿದಿದೆ, ಮಳೆ ಬಂದರೆ ಸಾಕು, ಜಿರಳೆಗಳು ಅಲ್ಲಿಂದಲೇ ಮೇಲೆ ಬರುತ್ತವೆ. ಮನೆ ನೋಡಲು ಹೋದ ದಿನ ಓನರ್ "ನಿಮ್ಮದು ಯಾವ ಜನ?" ಅಂದಿದ್ದರು. "ಬೌದ್ಧರು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಡ್ವಾನ್ಸ್ ತಗೊಂಡರು. ಮೊನ್ನೆ ಜಾಲರಿ ಹಾಕಿಸಿಕೊಡಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ನೀವು ಬರೋಕೆ ಮುಂಚೆ ಈ ಮನೇಲಿ ಒಂದು ಜಿರಳೆ ಇರಲಿಲ್ಲ ಟೀಚರ್. ನೀವು ಅದೂ ಇದೂ ಬೇಯಿಸ್ತೀರಲ್ಲ..."

ಆ 'ಅದೂ ಇದೂ' ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅವತ್ತು ರಾತ್ರಿ ಅಡುಗೆಮನೆಯ ದೀಪ ಹಾಕಿದರೆ ಕಟ್ಟೆಯ ಮೇಲೆ ಒಂದು ಜಿರಳೆ. ಚಪ್ಪಲಿ ತೆಗೆದು ಹೊಡೆದೆ. ಮೊದಲ ಏಟಿಗೇ ಸತ್ತಿತು. ಆದರೂ ಇನ್ನೂ ನಾಲ್ಕು ಸಲ ಹೊಡೆದೆ. ಬಾಗಿಲಲ್ಲಿ ನಿಂತಿದ್ದ ಮಗಳು, "ಅಮ್ಮಾ, ಅದು ಆಗಲೇ ಸತ್ತೋಯ್ತು" ಅಂದಳು.

ಧಮ್ಮಪದದ ಅಟ್ಠಕಥೆಯಲ್ಲಿ ಚಕ್ಖುಪಾಲ ಥೇರರ ಕಥೆ ಬರುತ್ತದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಳೆ ಬಂದು ಹೋದ ಮೇಲೆ ನೆಲದಿಂದ ಹೊರಬಂದ ಹುಳುಗಳು ಅವರು ಚಂಕ್ರಮಣ ಮಾಡುವಾಗ ಕಾಲಡಿ ಸಿಕ್ಕಿ ಸತ್ತವು. ಬೇರೆ ಭಿಕ್ಖುಗಳು ದೂರು ಒಯ್ದರು. ಕೊಲ್ಲುವ ಚೇತನ ಅವರಲ್ಲಿ ಇರಲಿಲ್ಲ, ಆದ್ದರಿಂದ ದೋಷವಿಲ್ಲ ಎಂದರು ಬುದ್ಧರು. ಆದರೆ ನನಗೆ ಕಣ್ಣು ಕಾಣುತ್ತದೆ. ಜಿರಳೆ ಎಂದು ತಿಳಿದೇ ಹೊಡೆದವಳು ನಾನು, ಥೇರರ ಕಥೆಯ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ.

ನನ್ನ ಕೈಹಿಡಿದದ್ದು ಬಾಬಾಸಾಹೇಬರು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ಇಡುತ್ತಾರೆ. ಇಚ್ಛೆಯೊಂದೇ ಇರುವ ಕಡೆ ಬುದ್ಧರು ಕೊಲ್ಲುವುದನ್ನು ತಡೆದರು. ಅಗತ್ಯವಿದೆಯೋ ಇಲ್ಲವೋ ಎಂಬುದನ್ನು ಅವರವರ ಪ್ರಜ್ಞೆಯೇ ತೀರ್ಮಾನಿಸಬೇಕು. ಮಗಳಿಗೆ ವೀಸಿಂಗ್ ಇದೆ. ಜಿರಳೆಯ ಹಿಕ್ಕೆ, ಕಳಚಿದ ಪೊರೆಯ ಧೂಳು ಆಸ್ತಮಾ ಕೆರಳಿಸುತ್ತವೆ. ಅಡುಗೆಮನೆಯ ಸಣ್ಣ ಕಂದು ಜಿರಳೆಯ ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ಹಾಗಾಗಿ ಮೊದಲ ಏಟಿಗೆ ಅಗತ್ಯವಿತ್ತು ಎಂದೇ ಇವತ್ತಿಗೂ ಹೇಳುತ್ತೇನೆ. ಉಳಿದ ನಾಲ್ಕು ಏಟು ಜಿರಳೆಗೆ ಹೊಡೆದದ್ದೇ ಅಲ್ಲ. ಅವು ಮೇಲಿನ ಮಹಡಿಗೆ ಹೊಡೆದವು.

ಆ ಸಿಟ್ಟು ತಪ್ಪೆಂದು ಹೇಳುತ್ತಿಲ್ಲ. 1917ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಯಾರೂ ಮನೆ ಕೊಡಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಕರೆಂಟಿಲ್ಲದ, ಮುರುಕು ಸಾಮಾನು ತುಂಬಿದ ಕತ್ತಲೆ ಹಜಾರ, ರಾತ್ರಿಯಿಡೀ ಬಾವಲಿಗಳ ಹಾರಾಟ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅದನ್ನೆಲ್ಲ ಬರೆದಿದ್ದಾರೆ. ಬಾವಲಿಗಳ ಜೊತೆ ಹೇಗೋ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದು ಅವರನ್ನು ಹೊರಗೆ ಹಾಕಿದವರು ಮನುಷ್ಯರು. ಅಷ್ಟು ಅವಮಾನ ಉಂಡವರು 1956ರಲ್ಲಿ ನಾಗಪುರದಲ್ಲಿ ನಮಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ಕರುಣೆಯನ್ನೂ ಸೇರಿಸಿದ್ದಾರೆ. ಆ ಪ್ರತಿಜ್ಞೆಯನ್ನು ನಾನು ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ್ದೇನೆ, ಮೇಷ್ಟ್ರ ಮುಂದೆ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ.

ಸರಿ, ಈಗ ಏನು ಮಾಡಿದೆವು ಎಂದರೆ: ವಿನಯಪಿಟಕದಲ್ಲಿ ಭಿಕ್ಖುಗಳು ವಾಸದ ಜಾಗವನ್ನು ಹೇಗೆ ಶುಚಿ ಮಾಡಬೇಕೆಂಬ ವಿವರವಿದೆ. ಚಾಪೆ, ಹಾಸಿಗೆ, ದಿಂಬು ಹೊರಗೆ ತೆಗೆಯಬೇಕು, ಜೇಡರಬಲೆಯನ್ನು ಮೇಲಿನಿಂದ ಮೊದಲು ಗುಡಿಸಬೇಕು, ಮೂಲೆಗಳನ್ನು ಒರೆಸಬೇಕು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವಬೇಕು. ಭಾನುವಾರ ಓದು ಮುಗಿಸಿ ಬಂದವಳೇ ಅದನ್ನೇ ಮಾಡಿದೆ. ಜಾಲರಿಯನ್ನು ನಾವೇ ತಂದು ಕೂರಿಸಿದೆವು. ಸಿಂಕಿನ ಪೈಪಿನ ಸುತ್ತ ಬಿಳಿ ಸಿಮೆಂಟ್ ಮೆತ್ತಿದೆವು. ಹಳೇ ರಟ್ಟಿನ ಡಬ್ಬಗಳೆಲ್ಲ ಹೊರಗೆ ಹೋದವು. ರಾತ್ರಿ ಮಲಗುವ ಮುಂಚೆ ಸಿಂಕು ಒರೆಸಿ ಒಣಗಿಸುತ್ತೇನೆ: ಜಿರಳೆ ಊಟವಿಲ್ಲದೆ ವಾರಗಟ್ಟಲೆ ಇದ್ದೀತು, ನೀರಿಲ್ಲದೆ ಅಷ್ಟು ದಿನ ಇರಲಾರದು. (ಅದಕ್ಕೂ ಮುಂಚೆ ಲಕ್ಷ್ಮಣ ರೇಖೆ ಸೀಮೆಸುಣ್ಣ ಎಳೆದು ನೋಡಿದ್ದೆ. ಆ ಹೆಸರಿನ ಬಗ್ಗೆ ನನಗಿರುವ ತಕರಾರು ಇನ್ನೊಂದು ದಿನ.)

ಇಷ್ಟಾದರೂ ಉಳಿದವಕ್ಕೆ ಬೋರಿಕ್ ಪುಡಿ, ಸಕ್ಕರೆ, ಗೋಧಿ ಹಿಟ್ಟು ಕಲಸಿ ಉಂಡೆ ಮಾಡಿ, ಮಕ್ಕಳ ಕೈಗೆ ಸಿಗದ ಸಂದಿಗಳಲ್ಲಿ ಇಟ್ಟೆ. ಅದೂ ಕೊಲ್ಲುತ್ತದೆ. ಅಲ್ಲವೆಂದು ಆ ತಂಗಿಗೆ ಸುಳ್ಳು ಹೇಳಲಾರೆ, ನಾಲ್ಕನೇ ಶೀಲವೂ ಇದೆಯಲ್ಲ. ಇಡುವಾಗ ಇಡುತ್ತಿದ್ದೇನೆ ಎಂದು ತಿಳಿದೇ ಇಟ್ಟೆ. ಬೆಳಿಗ್ಗೆ ಮಗಳ ಜೊತೆ ಕೂತು ಶೀಲವನ್ನು ಮತ್ತೆ ತೆಗೆದುಕೊಂಡೆ.

ನಿನ್ನೆ ಸಂಜೆ ಓನರ್ ಮನೆಯಾಕೆ ಮೆಟ್ಟಿಲಿಳಿದು ಬಂದರು. ಬಾಗಿಲ ಹೊರಗೇ ನಿಂತು, "ಟೀಚರ್, ಅದೇನೋ ಉಂಡೆ ಮಾಡಿದ್ದೀರಂತೆ. ನಮ್ಮನೇಲೂ ಜಾಸ್ತಿ ಆಗಿವೆ, ಮುಂಚಿಂದಲೂ ಇವೆ ಬಿಡಿ" ಅಂದರು. ಒಳಗೆ ಬನ್ನಿ ಅಂದೆ. ಒಂದು ಗಳಿಗೆ ಯೋಚಿಸಿ ಬಂದರು. ಹತ್ತು ಉಂಡೆ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.

ಜೈ ಭೀಮ್.