ಜೇಬಿಲ್ಲದ ಉಡುಪು

ಒಂದು ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಜನರನ್ನು ಮಾತನಾಡಿಸುತ್ತಿದ್ದೆ. ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ಈಗಿನ ಹೆಣ್ಣುಮಕ್ಕಳು ಗಂಡಸರ ಪ್ಯಾಂಟು ಹಾಕಿಕೊಂಡು ಚರ್ಚಿಗೆ ಬರುತ್ತಾರೆ. ನೀವು ಪ್ರಸಂಗದಲ್ಲಿ ಒಂದು ಮಾತು ಹೇಳಬೇಕು" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಆತಂಕವೇ ಹೆಚ್ಚಾಗಿತ್ತು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಅವರ ಮೊಮ್ಮಗಳು ಓಡಿಬಂದು, "ತಾತ, ಇದನ್ನು ನಿಮ್ಮ ಜೇಬಲ್ಲಿ ಇಟ್ಕೊಳ್ಳಿ, ನನ್ನ ಪ್ಯಾಂಟಲ್ಲಿ ಹಿಡಿಯಲ್ಲ" ಎಂದು ತನ್ನ ಮೊಬೈಲನ್ನು ಅವರ ಕೈಗಿತ್ತು ಗೆಳತಿಯರ ಕಡೆಗೆ ಹೋದಳು.

ತಾತನವರು ಅದನ್ನು ಜೇಬಿಗೆ ಹಾಕಿಕೊಂಡರು. ನಾನೂ ಆ ಹೊತ್ತಿನಲ್ಲಿ ನನ್ನ ಬಿಳಿಯ ನಿಲುವಂಗಿಯ ಆಳವಾದ ಜೇಬಿನಲ್ಲಿ ಕೈಯಿಟ್ಟು ಬೀಗದ ಕೈಗಳನ್ನು ತಡವುತ್ತ ನಿಂತಿದ್ದೆ. ಗಂಡಸರದೆಂದು ಅವರು ಹೇಳಿದ ಆ ಉಡುಪಿನಲ್ಲಿ ಗಂಡಸರ ಉಡುಪಿನ ಅತ್ಯಂತ ಉಪಯುಕ್ತವಾದ ಭಾಗವೇ ಇರಲಿಲ್ಲ. ಹೆಂಗಸರದೆಂದು ತೋರಬಹುದಾದ ಉದ್ದನೆಯ ಅಂಗಿಯನ್ನು ತೊಟ್ಟಿದ್ದವನು ನಾನು. ಉಡುಪಿನ ನೀತಿಯ ಬಗ್ಗೆ ನಾವು ಕೇಳುವ ಪ್ರಶ್ನೆಯೇ ತಪ್ಪಾಗಿರಬಹುದೆಂಬ ಶಂಕೆ ಅಂದು ನನ್ನಲ್ಲಿ ಮೂಡಿತು. ಆ ಶಂಕೆಯನ್ನು ಪ್ರಿಯ ಓದುಗರ ಮುಂದಿಡಲು ಈ ಬರಹ.

ಗಂಡಿನ ಉಡುಪನ್ನು ಹೆಣ್ಣೂ ಹೆಣ್ಣಿನ ಉಡುಪನ್ನು ಗಂಡೂ ತೊಡಬಾರದೆಂಬ ಮಾತು ಧರ್ಮೋಪದೇಶಕಾಂಡದಲ್ಲಿದೆ. ಅದನ್ನು ಎತ್ತಿ ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆ ಕಾಲದ ಇಸ್ರಯೇಲಿನಲ್ಲಿ ಗಂಡು ಹೆಣ್ಣು ಇಬ್ಬರ ಸಾಮಾನ್ಯ ಉಡುಪೂ ಉದ್ದನೆಯ ನಿಲುವಂಗಿಯೇ. ಪ್ರಾಚೀನ ರೋಮಿನವರಿಗೆ ಷರಾಯಿಯೆಂದರೆ ನಾಗರಿಕತೆಯಿಲ್ಲದ ಪರದೇಶಿಗಳ ಉಡುಪು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಹೊನೊರಿಯಸ್‌ನ ಆಳ್ವಿಕೆಯಲ್ಲಿ ರೋಮ್ ನಗರದೊಳಗೆ ಗಂಡಸರು ಷರಾಯಿ ತೊಡುವುದನ್ನೇ ನಿಷೇಧಿಸಲಾಗಿತ್ತು. ಕಾಲ ಉರುಳಿತು. ಜನಸಾಮಾನ್ಯರು ಗಿಡ್ಡ ಅಂಗಿ, ಷರಾಯಿಗಳಿಗೆ ಬದಲಾದರು, ಗುರುಗಳು ಮಾತ್ರ ಹಳೆಯ ರೋಮನ್ ನಿಲುವಂಗಿಯಲ್ಲೇ ಉಳಿದರು. ಪೂಜೆಯಲ್ಲಿ ನಾವು ತೊಡುವ ಬಿಳಿಯ ನಿಲುವಂಗಿ ಒಂದು ಕಾಲದ ರೋಮನ್ ಪ್ರಜೆಯ ಸಾಧಾರಣ ಉಡುಪಿನ ವಂಶದ್ದು. ಕ್ರಿ.ಶ. 428ರಲ್ಲಿ, ವಿಶೇಷ ಉಡುಪು ತೊಡಲಾರಂಭಿಸಿದ್ದ ಗಾಲ್ ಪ್ರಾಂತ್ಯದ ಧರ್ಮಾಧ್ಯಕ್ಷರನ್ನು ಪೋಪ್ ಒಂದನೇ ಸೆಲೆಸ್ತೀನರು ಆಕ್ಷೇಪಿಸಿ ಪತ್ರ ಬರೆದರು. ಗುರುವು ಜನರಿಂದ ಬೇರೆಯಾಗಿ ಕಾಣಬೇಕಾದದ್ದು ಬೋಧನೆಯಿಂದ ಮತ್ತು ನಡತೆಯಿಂದ, ಬಟ್ಟೆಯಿಂದಲ್ಲ ಎಂಬುದು ಅವರ ಮಾತಿನ ಸಾರ.

ಕಾನೂನಿನ ಮಾತಿಗೆ ಬಂದರೂ ಇದೇ ಕಥೆ. 1800ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಆದೇಶ ಹೊರಟಿತು. ಗಂಡಸಿನಂತೆ ಉಡುಪು ತೊಡಬಯಸುವ ಹೆಂಗಸು ಪೊಲೀಸ್ ಇಲಾಖೆಯ ಅನುಮತಿ ಪಡೆಯಬೇಕು ಎಂದು. ಮುಂದೆ 1892 ಮತ್ತು 1909ರಲ್ಲಿ ಅದನ್ನು ಸಡಿಲಿಸಿ, ಕುದುರೆಯ ಲಗಾಮನ್ನೋ ಸೈಕಲ್ಲಿನ ಹಿಡಿಯನ್ನೋ ಹಿಡಿದ ಹೆಂಗಸು ಷರಾಯಿ ತೊಡಬಹುದೆಂದರು. ನೀತಿಯ ವಾದಗಳು ಅಲುಗಿಸಲಾರದ ನಿಯಮವನ್ನು ಎರಡು ಚಕ್ರದ ಒಂದು ಯಂತ್ರ ಅಲುಗಿಸಿತು. ಆ ಹಳೆಯ ಆದೇಶ ಇನ್ನು ಊರ್ಜಿತವಲ್ಲವೆಂದು ಫ್ರಾನ್ಸಿನ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ! ಅನಾದಿ ಕಾಲದ್ದೆಂದು ನಾವು ನಂಬಿರುವ ಉಡುಪಿನ ಗಡಿಗಳನ್ನು ಹಾಕಿದ್ದೂ ಅಳಿಸಿದ್ದೂ ಚರಿತ್ರೆಯೇ.

ಹಾಗಾದರೆ ಜೇಬಿನ ಚರಿತ್ರೆಯೇನು? ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಗಂಡಸರ ಕೋಟು, ಷರಾಯಿಗಳಲ್ಲಿ ಜೇಬು ಹೊಲಿಗೆಯ ಭಾಗವೇ ಆಗಿತ್ತು. ಹೆಂಗಸರಿಗೆ ಅದು ಬೇರೆಯೇ ಒಂದು ಚೀಲ. ಲಾಡಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡು, ಮೇಲಿನ ಲಂಗದ ಸೀಳಿನೊಳಗೆ ಕೈಹಾಕಿ ತೆಗೆಯಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಗಂಟುವ ತೆಳು ಉಡುಪುಗಳು ಬಂದಾಗ ಆ ಚೀಲಕ್ಕೆ ಒಳಗೆ ಜಾಗವಿಲ್ಲದಾಯಿತು. ಅದರ ಬದಲು ಕೈಯಲ್ಲಿ ಹಿಡಿಯುವ ಪುಟ್ಟ ಅಲಂಕಾರದ ಚೀಲ ಬಂತು. ಗಂಡಸಿನ ಎರಡು ಕೈಗಳೂ ಬಿಡುವಾಗಿದ್ದವು, ಹೆಂಗಸಿನ ಒಂದು ಕೈ ಚೀಲಕ್ಕೆ ಮೀಸಲಾಯಿತು. ಅದೇ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನ ಸಂಪಾದನೆ ಕಾನೂನಿನ ಪ್ರಕಾರ ಗಂಡನದು. ತಾನು ದುಡಿದದ್ದು ತನ್ನದು ಎನ್ನಲು ಆಕೆಗೆ 1870ರ ಕಾಯಿದೆ ಬೇಕಾಯಿತು, ಆಸ್ತಿ ತನ್ನದು ಎನ್ನಲು 1882ರ ಕಾಯಿದೆ. ಕಾನೂನಿಗೂ ಕತ್ತರಿಗೂ ನೇರ ಸಂಬಂಧವಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಹೆಣ್ಣಿಗೆ ತನ್ನದೆಂದು ಜೋಪಾನ ಮಾಡಿಕೊಳ್ಳಲು ಏನಿದೆ ಎಂಬ ತಾತ್ಸಾರ ಎರಡರ ಹಿಂದೆಯೂ ಕಾಣುತ್ತದೆ.

ನಮ್ಮ ನಾಡಿನ ಮಾತು ಸ್ವಲ್ಪ ಬೇರೆ. ಪಂಚೆ, ಸೀರೆ ಎರಡೂ ಹೊಲಿಗೆಯಿಲ್ಲದ ಬಟ್ಟೆಗಳು. ಅವನ್ನು ತೊಡುವವರು ತಮ್ಮ ಮೈಗೆ ಹೊಂದುವಂತೆ ಪ್ರತಿದಿನವೂ ತಾವೇ ಮಡಿಸಿ ಉಡುತ್ತಾರೆ. ನನ್ನ ಅಜ್ಜಿಯ ಖಜಾನೆ ಆಕೆಯ ಸೆರಗಿನ ತುದಿಯ ಗಂಟು. ಪೂಜೆಯ ಕಾಣಿಕೆಯ ನಾಣ್ಯ, ನಮಗೆ ಕೊಡುವ ಪೆಪ್ಪರಮೆಂಟಿನ ಕಾಸು ಎರಡೂ ಅಲ್ಲಿಂದಲೇ ಬರುತ್ತಿದ್ದವು. ಸೊಂಟದಲ್ಲಿ ಎಲೆಯಡಿಕೆಯ ಸಂಚಿಯೂ ಇರುತ್ತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಆ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೆಣ್ಣುಮಗಳೊಬ್ಬಳು 'ಹದಿಬದೆಯ ಧರ್ಮ'ವನ್ನು ಬರೆದು ಸಂಚಿಯ ಹೊನ್ನಮ್ಮ ಎಂಬ ಹೆಸರಿನಿಂದಲೇ ಕನ್ನಡ ಸಾಹಿತ್ಯದಲ್ಲಿ ಉಳಿದಳು. ಹೆತ್ತ ತಾಯಿಯೂ ಹೆಣ್ಣಲ್ಲವೇ, ಹೆಣ್ಣನ್ನೇಕೆ ಹಳಿಯುತ್ತೀರಿ ಎಂದು ಮೂರು ಶತಮಾನಗಳ ಹಿಂದೆಯೇ ಕೇಳಿದವಳು ಆಕೆ.

ಇನ್ನು ಯಂತ್ರದ ವಿಷಯ. ಫ್ರಾನ್ಸಿನ ತಿಮೊನಿಯೇ ಎಂಬ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದು ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆ ತೆರೆದಾಗ, ಅನ್ನ ಹೋದೀತೆಂದು ಹೆದರಿದ ದರ್ಜಿಗಳು ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋ, 1851ರಲ್ಲಿ ಐಸಾಕ್ ಸಿಂಗರ್ ಸುಧಾರಿತ ಯಂತ್ರಗಳನ್ನು ತಂದರು. ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರವನ್ನು ಮಾತ್ರ ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಅದರ ಹುಟ್ಟಿನ ಹಿಂದೆ ಹೆಂಡತಿಯ ಶ್ರಮವನ್ನು ಕಡಿಮೆ ಮಾಡಬೇಕೆಂಬ ಪ್ರೀತಿಯಿದೆ ಎಂಬುದು ಅವರ ನಂಬಿಕೆಯಾಗಿತ್ತು.

ಆದರೆ ಯಂತ್ರ ಸಾವಿರಾರು ಉಡುಪುಗಳನ್ನು ಒಮ್ಮೆಗೇ ಹೊಲಿಯತೊಡಗಿದಾಗ, ಯಾರ ಅಳತೆಗೆ ಹೊಲಿಯಬೇಕೆಂಬ ಪ್ರಶ್ನೆ ಎದ್ದಿತು. ಗಂಡಸರ ಸಿದ್ಧ ಉಡುಪಿನ ಅಳತೆಗಳು ಸ್ಥಿರಗೊಳ್ಳಲು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಸಮವಸ್ತ್ರಗಳು ಬಹುಮಟ್ಟಿಗೆ ಕಾರಣವಾದವು. ಹೆಂಗಸರ ಅಳತೆಗಾಗಿ ಅಲ್ಲಿನ ಕೃಷಿ ಇಲಾಖೆ 1939 ಮತ್ತು 1940ರಲ್ಲಿ ಸುಮಾರು 15,000 ಮಹಿಳೆಯರನ್ನು ಅಳೆಯಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟಿತು. ಅಂಗಡಿಯ ಬಟ್ಟೆ ಮೈಗೆ ಹೊಂದದಿದ್ದಾಗ ನಮ್ಮ ಹುಡುಗಿಯರು ತಮ್ಮ ಮೈಯಲ್ಲೇ ದೋಷವಿದೆಯೆಂದು ಕನ್ನಡಿಯ ಮುಂದೆ ಕೊರಗುತ್ತಾರೆ. ಆ ಬಟ್ಟೆಯನ್ನು ಕತ್ತರಿಸುವಾಗ ಇಂಥ ಮೈಯನ್ನು ಯಾರೂ ನೆನೆಯಲೇ ಇಲ್ಲವೆಂದು ಅವರಿಗೆ ಹೇಳುವವರಿಲ್ಲ. ಈಗ ನಮ್ಮ ದೇಶದಲ್ಲೂ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಸುಮಾರು 25,000 ಭಾರತೀಯರ ಮೈಯಳತೆಯನ್ನು ಗಣಕಯಂತ್ರದ ಸ್ಕ್ಯಾನರಿನಿಂದ ಪಡೆಯುವ 'ಇಂಡಿಯಾಸೈಜ್' ಯೋಜನೆಯನ್ನು ಕೈಗೊಂಡಿದೆ. ತಂತ್ರಜ್ಞಾನ ಮರೆತವರನ್ನು ನೆನೆಯಲೂ ತಂತ್ರಜ್ಞಾನವೇ ನೆರವಾಗಬಲ್ಲದು.

1958ರಲ್ಲಿ ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಎಂಬ ಕೃತಕ ನೂಲನ್ನು ಕಂಡುಹಿಡಿಯಲಾಯಿತು. ಅದನ್ನು ಬೆರೆಸಿದ ಜೀನ್ಸ್ ಮೈಗೆ ಚರ್ಮದಂತೆ ಅಂಟುತ್ತದೆ. ಹಾಗೆ ಅಂಟಬೇಕಾದರೆ ಜೇಬು ಉಬ್ಬಬಾರದು, ಉಬ್ಬಬಾರದೆಂದರೆ ಜೇಬೇ ಕಿರಿದಾಗಬೇಕು. 2018ರಲ್ಲಿ ಅಮೆರಿಕದ 'ದ ಪುಡಿಂಗ್' ಎಂಬ ಪತ್ರಿಕೆಯವರು 20 ಕಂಪನಿಗಳ ಜೀನ್ಸ್‌ಗಳನ್ನು ಅಳೆದರು. ಹೆಂಗಸರ ಮುಂಜೇಬುಗಳು ಗಂಡಸರ ಜೇಬುಗಳಿಗಿಂತ ಸರಾಸರಿ ಶೇ. 48ರಷ್ಟು ಗಿಡ್ಡವಾಗಿದ್ದವು. ಗಂಡಿನ ಉಡುಪನ್ನು ಕೆಲಸಕ್ಕೆಂದೂ ಹೆಣ್ಣಿನ ಉಡುಪನ್ನು ನೋಟಕ್ಕೆಂದೂ ಕತ್ತರಿಸುವ ಹಳೆಯ ಅಭ್ಯಾಸಕ್ಕೆ ಹೊಸ ನೂಲು ಸಿಕ್ಕಿದೆ, ಅಷ್ಟೆ.

ಹಾಗಿದ್ದರೆ ಸಭ್ಯತೆಯ ಮಾತೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಉಡುಪು ಒಂದು ಮಾತಿದ್ದಂತೆ. ಮದುವೆಯ ಮನೆಗೂ ಸಾವಿನ ಮನೆಗೂ ಒಂದೇ ಬಗೆಯಲ್ಲಿ ಉಟ್ಟು ಹೋಗುವುದಿಲ್ಲ. ಆದರೆ ಸಭ್ಯತೆಯ ತೀರ್ಪನ್ನು ಕೊಡುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ನೆರೆಯ ತಿರುವಾಂಕೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಾಡಾರ್ ಜನಾಂಗದ ಹೆಂಗಸರು, ಅವರಲ್ಲಿ ಅನೇಕರು ಕ್ರೈಸ್ತರು, ಎದೆಯನ್ನು ಮುಚ್ಚಿಕೊಂಡದ್ದಕ್ಕಾಗಿ ಬೀದಿಯಲ್ಲಿ ಹಲ್ಲೆಗೆ ಒಳಗಾದರು. ದಶಕಗಳ ಹೋರಾಟದ ಬಳಿಕ 1859ರಲ್ಲಿ ಅವರಿಗೆ ಮೈಮುಚ್ಚುವ ಅನುಮತಿ ದೊರೆಯಿತು. ಆಗಲೂ ಮೇಲ್ಜಾತಿಯ ಹೆಂಗಸರಂತೆ ಮುಚ್ಚಬಾರದೆಂಬ ಷರತ್ತಿತ್ತು. ಅಂದು ಮುಚ್ಚಬೇಡ ಎಂದದ್ದೂ ಇಂದು ಮುಚ್ಚಿಕೋ ಎನ್ನುವುದೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಉಡುವವಳನ್ನು ಕೇಳದೆ ತೀರ್ಮಾನಿಸುವುದರಲ್ಲಿ ಎರಡೂ ಒಂದೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಗುರುದೀಕ್ಷೆಯಾದ ಹೊಸದರಲ್ಲಿ ನಗರದ ಹೊರವಲಯದ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ಭಾನುವಾರ ಪ್ರಸಂಗದಲ್ಲಿ ಹೆಣ್ಣುಮಕ್ಕಳ ಗಿಡ್ಡ ಉಡುಪಿನ ಮೇಲೆ ಬಿರುಸಾಗಿ ಮಾತನಾಡಿದೆ. ಪೂಜೆಯ ನಂತರ ತಾಯಿಯೊಬ್ಬಳು ಹನ್ನೆರಡು ವರ್ಷದ ಮಗಳ ಕೈಹಿಡಿದು ಬಂದಳು. "ಫಾದರ್, ಇದು ಇವಳಕ್ಕನ ಹಳೇ ಫ್ರಾಕು. ಇವಳು ಬೆಳೆದುಬಿಟ್ಟಳು, ಹೊಸದು ಹೊಲಿಸೋಕೆ ಈ ತಿಂಗಳು ಆಗಲಿಲ್ಲ" ಎಂದಳು. ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. ಆ ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದಳು. ದಿನವಿಡೀ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿನಲ್ಲಿ ದೂರದೇಶದವರ ಷರ್ಟುಗಳಿಗೆ ಜೇಬು ಹೊಲಿಯುವವಳು. ಆಕೆಯ ಮಗಳ ಗಿಡ್ಡ ಫ್ರಾಕಿನಲ್ಲಿ ನಾನು ಅಸಭ್ಯತೆಯನ್ನು ಕಂಡಿದ್ದೆ, ಬಡತನವನ್ನು ಕಂಡಿರಲಿಲ್ಲ. ಆ ಹುಡುಗಿ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಅದನ್ನು ನೆನೆದಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರೇ. ತಮ್ಮ ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರ್ಕಾರ ನಿರ್ಬಂಧ ಹಾಕಿದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಮಂದಿ ಬೀದಿಗಿಳಿದರು. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ತಾನು ದುಡಿದದ್ದು ತನ್ನ ಕೈಗೆಟುಕಬೇಕು ಎಂಬುದೇ ಅವರ ಬೇಡಿಕೆಯಾಗಿತ್ತು. ಮೂರು ವರ್ಷಗಳ ಹಿಂದೆ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಿದ್ದರು. ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಅಗ್ಗದ ಬಟ್ಟೆಯನ್ನು ಬೇಗ ಕಳಿಸಬೇಕಾಗಿತ್ತು. ಇಂಥ ಅಗ್ಗದ ಬಟ್ಟೆ ಎಷ್ಟೇ ಮೈಮುಚ್ಚಿದರೂ ಅದನ್ನು ಸಭ್ಯ ಉಡುಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಇದು ಗಂಡಿನದೋ ಹೆಣ್ಣಿನದೋ ಎಂಬುದು ಉಡುಪಿಗೆ ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. ಇದನ್ನು ಕತ್ತರಿಸಿದವನು ತೊಡುವವಳನ್ನು ಮನುಷ್ಯಳೆಂದು ನೆನೆದನೇ? ಇದನ್ನು ಹೊಲಿದವಳಿಗೆ ನ್ಯಾಯವಾದ ಕೂಲಿ ಸಿಕ್ಕಿತೇ? ಈ ಎರಡಕ್ಕೆ ಉತ್ತರ ಹುಡುಕಿದ ಮೇಲೆ, ಉದ್ದ ಎಷ್ಟಿರಬೇಕೆಂಬ ಮೂರನೆಯ ಪ್ರಶ್ನೆಯನ್ನು ಮನೆಯವರೆಲ್ಲ ಕೂತು, ಮಗಳ ಮಾತನ್ನೂ ಕೇಳಿ, ಶಾಂತವಾಗಿ ಮಾತನಾಡಿಕೊಳ್ಳಬಹುದು.

ಆ ಹಿರಿಯರಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. "ಮೊಮ್ಮಗಳಿಗೆ ಮುಂದಿನ ಸಲ ಬಟ್ಟೆ ಹೊಲಿಸುವಾಗ ಒಂದು ಒಳ್ಳೆಯ ಜೇಬು ಇಡಿಸಿಕೊಡಿ" ಎಂದೆ. ಅವರು ನಕ್ಕರು. ಕ್ರಿಸ್ಮಸ್ ಹಬ್ಬದ ದಿನ ಆ ಹುಡುಗಿ ಚೂಡಿದಾರ್ ತೊಟ್ಟು ಬಂದಿದ್ದಳು. ಎರಡೂ ಕೈಗಳನ್ನು ಬೀಸುತ್ತ ಮೆಟ್ಟಿಲು ಹತ್ತುತ್ತಿದ್ದಳು. ಹಿಂದಿನಿಂದ ಬಂದ ತಾತ ನನ್ನ ಬಳಿ ನಿಂತು, "ಜೇಬಿಗೆ ದರ್ಜಿ ಇಪ್ಪತ್ತು ರೂಪಾಯಿ ಹೆಚ್ಚಿಗೆ ತಗೊಂಡ ಸ್ವಾಮಿ" ಎಂದು ದೂರಿದರು.